ಆರು ಕಾಟಿನ ಖೋಲಿ

"ಹುಡುಗ ಕಂಪನಿ ಕಾಗದದಾಗ ಮುಂಬೈದಾಂವ. ಆದ್ರ ಉಣ್ಣೂದು, ಮಲಗೂದು ಇಲ್ಲೇ ಪುಣೆ ಹಡಪಸರದಾಗ. ಇದರಾಗ ಸಂಶೇ ಪಡೂವಂಥಾದ್ದು ಏನದರಿ, ಸಾಹುಕಾರ?" ಎಂದು ಕೇಳಿದ ಹಣಮಂತ್ರಾಯ, ಗಾದಿಗೆ ಒರಗಿ ಎಲೆಗೆ ಸುಣ್ಣ ಹಚ್ಚತೊಡಗಿದ.

ಅಂದು ಬೆಳಿಗ್ಗೆ ನಿಪ್ಪಾಣಿ ಕಡೆಯಿಂದ ಬಂದ ಬೆಲ್ಲದ ಪೆಂಟಿಯೊಂದು ಅಪ್ಪಾಸಾಹೇಬನ ಕೈಯಲ್ಲಿತ್ತು. ಅದನ್ನು ಬೋರಲು ಹಾಕಿ, ತಳವನ್ನು ಉಗುರಿನಿಂದ ಕೆರೆದು, ನಾಲಗೆಯ ತುದಿಗಿಟ್ಟು ಕಣ್ಣು ಮುಚ್ಚಿದ. ಪುಣೆಯ ಭವಾನಿ ಪೇಟೆಯಲ್ಲಿ ಬೆಲ್ಲದ ದಲಾಲರು ನೂರು ಮಂದಿ ಇದ್ದಾರು. ಉಳಿದವರು ಪೆಂಟಿಯ ಮುಖ ನೋಡಿ ದರ ಹೇಳಿದರೆ, ಅಪ್ಪಾಸಾಹೇಬ ತಳ ನೋಡಿ ಹೇಳುವವನು. ಅಂಗಡಿ ಇಟ್ಟ ಮೊದಲ ವರ್ಷ ಒಂದು ಪೆಂಟಿಯ ಹೊಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು ಸಿಕ್ಕಿತ್ತಂತೆ. ಕಲ್ಲು ಒಂದೇ ಒಂದು ಸಲ ಸಿಕ್ಕಿದ್ದು. ಆದರೆ ಅದು ಅವನ ತಲೆಯೊಳಗೆ ಇಪ್ಪತ್ತೆಂಟು ವರ್ಷ ಕೂತುಬಿಟ್ಟಿತು. ಹಾಲಿನವನ ಚರಿಗೆ, ಜ್ಯೋತಿಷಿಯ ಪಂಚಾಂಗ, ಬೀಗರ ನಗು, ಯಾವುದನ್ನು ಕಂಡರೂ ಅವನಿಗೆ ಮೊದಲು ಬೋರಲು ಹಾಕಿ ನೋಡಬೇಕು ಅನಿಸುತ್ತಿತ್ತು.

"ವಿಮಾನ ಹಾರಸಾಂವ್ಗ ಪಗಾರ ಎಷ್ಟಂದಿ?" ಎಂದ ಕಡೆಗೆ.

"ಎರಡೂವರಿ ಸಾವಿರದ ಮ್ಯಾಲ ಅದ. ಈಗ ಕೋ-ಪೈಲಟ್. ಮುಂದಿನ ತಿಂಗಳು ಪರೀಕ್ಷಾ ಪಾಸಾದ ಅಂದ್ರ ಕ್ಯಾಪ್ಟನ್. ನಮ್ಮ ಮಂದ್ಯಾಗ ಕ್ಯಾಪ್ಟನ್ ಯಾರದಾರ ತೋರಸ್ರಿ!"

"ಎರಡೂವರಿ ಸಾವಿರದಾಂವ ಹಡಪಸರದಾಗ ಎರಡು ಖೋಲ್ಯಾಗ ಯಾಕ ಇರ್ತಾನ? ಅವ್ನ ವಿಮಾನ ಮುಂಬೈದಾಗ, ಹಾಸಿಗಿ ಇಲ್ಲಿ. ಎತ್ತು ಒಂದೂರಾಗ ಕಟ್ಟಿ ಇನ್ನೊಂದೂರಾಗ ಹೊಲ ಹೂಡಾಂವನ್ನ ನಾ ಕಂಡಿಲ್ಲಪ."

"ಮುಂಬೈದಾಗ ಮನಿ ಸಿಗೂದಿಲ್ರಿ! ಕೀಲಿ ಕೊಡಾಕ ಪಗಡಿ ಅಂತನ ನಲವತ್ತು ಐವತ್ತು ಸಾವಿರ ಕೇಳ್ತಾರ. ಅದಕ್ಕ ನಾಲ್ಕಾರು ಹುಡುಗ್ರು ಕೂಡಿ ಅಲ್ಲೊಂದು ಖೋಲಿ ಹಿಡದಾರ. ಡ್ಯೂಟಿ ಇದ್ದಾಗ ಅಲ್ಲಿ, ಸೂಟಿ ಇದ್ದಾಗ ತಾಯಿ ಕಡೆ ಇಲ್ಲಿ. ದಾದರದಿಂದ ಟ್ಯಾಕ್ಸಿ ಹತ್ತಿದ್ರ ನಾಲ್ಕು ತಾಸು."

"ಆಕಾಶದಾಗ ತಾನು ನೂರು ಮಂದೀನ್ನ ಒಯ್ತಾನ, ಘಾಟಿನಾಗ ಅವನ್ನ ಟ್ಯಾಕ್ಸಿಯಾಂವ ಒಯ್ತಾನ," ಎಂದ ಅಪ್ಪಾಸಾಹೇಬ, ಪೆಂಟಿಯನ್ನು ಕೆಳಗಿಟ್ಟು. "ಅಂದ್ರ ಎರಡು ವಿಳಾಸ ಆದುವು. ಎರಡು ವಿಳಾಸದ ಮನಷ್ಯಾ."

"ಸಾಹುಕಾರ, ನಲವತ್ತೊಂದು ಲಗ್ನ ಮಾಡಿಸೇನಿ. ನಲವತ್ತೆರಡನೇದು ನಿಮ್ಮ ಕೈಯಾಗ ಸಿಕ್ಕು ಸಾಯಬಾರದು ನೋಡ್ರಿ," ಎಂದು ಹಣಮಂತ್ರಾಯ ಎಲೆ ಬಾಯಿಗೆ ಹಾಕಿಕೊಂಡ. ರೇಲ್ವೆಯ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ, ಪುಣೆಯ ಕನ್ನಡ ಮಂದಿಯ ಹುಡುಗ ಹುಡುಗಿಯರನ್ನು ಈ ಮನೆಯಿಂದ ಆ ಮನೆಗೆ ತಲುಪಿಸುವುದೇ ಅವನ ಕೆಲಸವಾಗಿತ್ತು.

ಅದು ೧೯೭೮ನೆಯ ಇಸವಿ, ದೀಪಾವಳಿ ಆಗಷ್ಟೇ ಮುಗಿದಿತ್ತು. ಅಪ್ಪಾಸಾಹೇಬನ ಒಬ್ಬಳೇ ಮಗಳು ಲೀಲಾಕ್ಷಿಗೆ ಇಪ್ಪತ್ತಾರು ತುಂಬಿತ್ತು. ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಕಲಿಸುವವಳು. ಗದ್ದಲದ ಮಕ್ಕಳನ್ನು ದನಿಯೆತ್ತದೆ ಕೂರಿಸಿ ಅಭ್ಯಾಸ, ಮನೆಯಲ್ಲೂ ಹಾಗೇ. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಎರಡು ವಿಳಾಸದ ಮಾತೆತ್ತಿದ್ದೇ ತಡ, ಅವಳು ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಅಪ್ಪಾ, ಬ್ಯಾಂಕಿನಾಂವನ್ನ ಹೊಸಾ ಚಪ್ಪಲಿ ಹಾಕ್ಕೊಂಡು ಬಂದಾನಂತ ಬ್ಯಾಡಂದ್ರಿ."

"ನೋಡಾಕ ಬರಾಂವ ಹೊಸಾ ಚಪ್ಪಲಿ ಯಾಕ ಹಾಕ್ಕೋಬೇಕು? ಹಳೇದಕ್ಕ ಏನಾಗಿತ್ತು?"

"ಇಂಜಿನಿಯರನ್ನ ಭಾಳ ನಗ್ತಾನಂತ ಬಿಟ್ರಿ."

"ನಗೂವಂಥಾ ಮಾತು ಯಾರೂ ಆಡಿರಲಿಲ್ಲ."

"ಇದು ಮೂರನೇದು. ಈ ಪೈಲಟ್ ಮುರುಗೆಪ್ಪ ಅವತ್ತ ನೋಡಾಕ ಬಂದಾಗ ಐದು ನಿಮಿಷ ಮಾತಾಡಾಕ ಬಿಟ್ರಲ್ಲ, ಆಗ ಅವರು ನನಗೆಲ್ಲಾ ಹೇಳ್ಯಾರ. ಮುಂಬೈದಾಗ ನಂದು ಅಂತ ಇರೂದು ಒಂದು ಕಾಟು, ಅದೂ ವಾರದಾಗ ನಾಲ್ಕು ದಿನ, ಅಂತ. ನನಗ ಒಪ್ಪಿಗಿ ಅದ. ಇದನ್ನ ನೀವು ಮುರದ್ರ ನಾ ಮತ್ತ ಯಾರ ಮುಂದೂ ಚಹಾದ ಟ್ರೇ ಹಿಡಕೊಂಡು ಬರಂಗಿಲ್ಲ. ಸಾಯೂತನಾ ಸಾಲಿ ಕಲಿಸ್ಕೊಂತ ಇರ್ತೀನಿ. ತಿಳೀತಿಲ್ಲೋ?"

ಹೆಂಡತಿ ಶಿವಬಸವ್ವ ಗಂಡನ ಮುಖ ನೋಡಿ, "ಆಕಿ ಅಂದ್ರ ಅಂದಂಗ ಮಾಡಾಕಿ," ಎಂದಷ್ಟೇ ಹೇಳಿದಳು.

ಅಪ್ಪಾಸಾಹೇಬ ತಾಟಿನಲ್ಲಿದ್ದ ಝುಣಕವನ್ನು ಬೆರಳಿನಿಂದ ಕೆದಕಿದ. ಐದು ನಿಮಿಷದಲ್ಲಿ 'ಎಲ್ಲಾ' ಹೇಳಿದನಂತೆ. ಐದು ನಿಮಿಷದಲ್ಲಿ ಎಲ್ಲವನ್ನೂ ಹೇಳುವವನಾದರೂ ಯಾರು? ಮೊದಲೇ ಬಾಯಿಪಾಠ ಮಾಡಿಕೊಂಡು ಬಂದವನು ಮಾತ್ರ.

ಆದರೂ ರೂಢಿಯನ್ನು ಬಿಡಲಾಗದು. ಹುಡುಗ ಹುಡುಗಿಯನ್ನು ನೋಡಿಹೋದ ಮೇಲೆ ಹುಡುಗಿಯ ಕಡೆಯವರು ಹುಡುಗನ ಮನೆ ನೋಡಬೇಕು. ಒಲೆ ಎಲ್ಲಿದೆ, ನೀರು ಎಷ್ಟು ದೂರ, ಅತ್ತೆಯಾಗುವವಳ ದನಿ ಹೇಗೆ ಎಂದು ನೋಡುವ ನೆವದಲ್ಲಿ ಅವಲಕ್ಕಿ ತಿಂದು ಬರಬೇಕು. ಆ ಗುರುವಾರ ಗಂಡ ಹೆಂಡತಿ ಹಡಪಸರಕ್ಕೆ ಹೋದರು. ಎರಡು ಖೋಲಿ, ಮುಂದೆ ತಗಡಿನ ಪಡಸಾಲೆ. ಮುರುಗೆಪ್ಪನ ತಾಯಿ ಕಾಶವ್ವ ಸಣ್ಣ ಆಳು, ದೊಡ್ಡ ದನಿ. ಪಡಸಾಲೆಯ ಹಗ್ಗದ ಮೇಲೆ, ಬಿಸಿಲು ಬೀಳದ ಕಡೆ, ಒಂದು ಬಿಳಿ ಅಂಗಿ ಒಣಗುತ್ತಿತ್ತು.

"ಬಿಸಲಾಗ ಹಾಕಿದ್ರ ಹಳದಿ ಆಗ್ತದ್ರಿ," ಎಂದಳು ಕಾಶವ್ವ. "ಮುಂಬೈದಾಗ ಅಗಸ ಒಂದು ಅಂಗೀಗೆ ಒಂದು ರೂಪಾಯಿ ಕೇಳ್ತಾನಂತ. ಅದಕ್ಕ ಮಗ ಅಂಗಿ ಗಂಟು ಕಟ್ಟಿ ಇಲ್ಲೇ ತರ್ತಾನ."

ಶಿವಬಸವ್ವನಿಗೆ ಒಲೆ, ನೀರು, ದನಿ ಮೂರೂ ಒಪ್ಪಿಗೆಯಾದವು. ಅಪ್ಪಾಸಾಹೇಬ ಮಾತ್ರ ಅಂಗಿಯನ್ನೇ ನೋಡುತ್ತ ಕೂತಿದ್ದ. ವಿಮಾನ ಹಾರಿಸುವವನ ಅಂಗಿಯನ್ನು ಹಡಪಸರದ ಕಲ್ಲಿನ ಮೇಲೆ ತಾಯಿ ಒಗೆಯುವುದೆಂದರೇನು? ಮುಖ ಇಲ್ಲಿದೆ, ತಳ ಮುಂಬೈಯಲ್ಲಿದೆ ಎಂದುಕೊಂಡ.

ಮುಂದಿನ ಮಂಗಳವಾರ, ಬೆಲ್ಲದ ವಸೂಲಿಗೆಂದು ಮನೆಯಲ್ಲಿ ಹೇಳಿ, ಅವನು ಮುಂಜಾನೆಯ ರೈಲು ಹತ್ತಿದ. ಹಣಮಂತ್ರಾಯನಿಂದ ಉಪಾಯವಾಗಿ ತೆಗೆದುಕೊಂಡ ವಿಳಾಸ ಕಿಸೆಯಲ್ಲಿತ್ತು. ದಾದರದಲ್ಲಿ ಲೋಕಲ್ ಹಿಡಿದು ಮುಂಬೈಯ ಸಾಂತಾಕ್ರೂಜಿನಲ್ಲಿ ಇಳಿದು, ಮೂರು ಮಂದಿಗೆ ಕೇಳಿ, ಮೂವರ ಮಾತೂ ಒಂದೇ ಆದ ಮೇಲೆ ಆ ದಾರಿ ಹಿಡಿದ. ಮೂರನೆಯ ಮಹಡಿಯಲ್ಲಿ ಒಂದು ಉದ್ದನೆಯ ಖೋಲಿ. ಬಾಗಿಲು ತೆರೆದೇ ಇತ್ತು. ಒಳಗೆ ಆರು ಕಬ್ಬಿಣದ ಕಾಟುಗಳು ಸಾಲಾಗಿ, ಆಸ್ಪತ್ರೆಯ ವಾರ್ಡಿನಂತೆ. ಎರಡರಲ್ಲಿ ಯಾರೋ ತಲೆತನಕ ಹೊದ್ದು ಹಾಡುಹಗಲೇ ಮಲಗಿದ್ದರು. ಗೋಡೆಯ ಮೊಳೆಗಳಿಗೆ ಬಿಳಿ ಅಂಗಿಗಳು. ನಡುವೆ ಕಸ ಹೊಡೆಯುತ್ತಿದ್ದ ಹೆಂಗಸೊಬ್ಬಳು ಇವನನ್ನು ಕಂಡು, ಬಾಗಿಲಿಗೆ ಅಡ್ಡ ಬಂದು ನಿಂತಳು.

"ಕೋಣ್ ಪಾಹಿಜೆ?" ಯಾರು ಬೇಕೆಂದು ಕೇಳಿದಳು. ಮರಾಠಿಯೇ, ಆದರೆ ಅದರೊಳಗಿನ ಎಳೆತ ಅಪ್ಪಾಸಾಹೇಬನ ಕಿವಿಗೆ ತಟ್ಟಿತು.

"ಯಾವೂರವ್ವಾ ನಿಂದು?"

ಅವಳ ಮುಖ ಅರಳಿತು. "ಅಯ್ಯ, ನಮ್ಮ ಕಡೇರು! ಸುರಪುರ ತಾಲೂಕ್ರಿ ಎಪ್ಪಾ. ಮಾನಮ್ಮ ಅಂತಾರ. ಬಿಲ್ಡಿಂಗ ಕೆಲಸಕ್ಕ ಬಂದೋರು ಇಲ್ಲೇ ಉಳದೀವಿ. ಈ ಸಾಹೇಬ್ರಿಗೆ ಅಡಗಿ ಮಾಡಿ ಹಾಕ್ತೀನ್ರಿ."

"ಮುರುಗೆಪ್ಪ ಅಂತ ಇಲ್ಲಿ ಇರ್ತಾರೇನು?"

ಆ ಹೆಸರು ಕೇಳಿದ್ದೇ ಮಾನಮ್ಮನ ಅರಳಿದ ಮುಖ ತಟ್ಟನೆ ಮುಚ್ಚಿಕೊಂಡಿತು. ಕಸಬರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆಯ ಮಕ್ಕಳು ಪದ್ಯ ಒಪ್ಪಿಸುವಂತೆ ಹೇಳಿದಳು: "ಹೌದ್ರಿ, ಇಲ್ಲೇ ಇರ್ತಾರ. ಖಾಯಂ ಇಲ್ಲೇ. ಹೆಂಡ್ತೀನೂ ಇಲ್ಲೇ ಇರ್ತಾರ. ಈಗ ಬಜಾರಕ್ಕ ಹೋಗ್ಯಾರ."

"ಹೆಂಡ್ತಿ?"

"ಹೂಂನ್ರಿ. ಬಜಾರಕ್ಕ."

ಅಪ್ಪಾಸಾಹೇಬ ಮೆಟ್ಟಿಲ ಕಟಾಂಜನ ಹಿಡಿದು ಇಳಿದ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮಾತನ್ನೂ ಬೋರಲು ಹಾಕದೆ ನಂಬಿದವನಲ್ಲ. ಇದನ್ನು ಮಾತ್ರ ನಿಂತ ನಿಲುವಿನಲ್ಲೇ ನಂಬಿದ. ಯಾಕೆಂದರೆ ಅದನ್ನು ಹೇಳಿದವಳು ಬಡವಿ, ಪರಊರಿನಲ್ಲಿ ಅವನನ್ನು 'ಎಪ್ಪಾ' ಎಂದವಳು. ಪುಣೆಯ ಪೇಟೆಯಲ್ಲಿ ಅವನು ಕೇಳಿದ ಸುಳ್ಳುಗಳೆಲ್ಲ ಮರಾಠಿಯಲ್ಲಿದ್ದವು, ಗುಜರಾತಿಯಲ್ಲಿದ್ದವು. ಕನ್ನಡದಲ್ಲಿ ಒಬ್ಬಳು ಹೆಂಗಸು, ಅದೂ ಕಸಬರಿಗೆ ಹಿಡಿದು ನಿಂತವಳು, ಸುಳ್ಳು ಹೇಳಿಯಾಳೆಂದು ಅವನಿಗೆ ಹೊಳೆಯಲೇ ಇಲ್ಲ.

ಮನೆಗೆ ಬಂದು ಬಾಯಿ ಬಿಟ್ಟಿದ್ದರೆ ಅಲ್ಲೇ ಎಲ್ಲ ತಿಳಿಯಾಗುತ್ತಿತ್ತೇನೋ. ಆದರೆ ವ್ಯಾಪಾರಿಯ ಬುದ್ಧಿ, ಕಾಗದ ಕೈಗೆ ಬರುವ ತನಕ ಮಾತಾಡಬಾರದು. ಶಿವಾಜಿನಗರದ ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂರುವ ಟೈಪಿಸ್ಟನ ಹತ್ತಿರ ಹೋಗಿ, ವಿಮಾನ ಕಂಪನಿಯ ದೊಡ್ಡ ಸಾಹೇಬರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಹೊಡೆಸಿದ. ನಿಮ್ಮ ಮುರುಗೆಪ್ಪ ಎಂಬ ಪೈಲಟ್ ಪುಣೆ ಹಡಪಸರದ ಈ ವಿಳಾಸದಲ್ಲಿ ತಾಯಿಯೊಂದಿಗೆ ವಾಸವಾಗಿದ್ದಾನೆ. ನಿಮ್ಮ ದಫ್ತರದಲ್ಲಿರುವ ಸಾಂತಾಕ್ರೂಜಿನ ವಿಳಾಸದಲ್ಲಿ ಅವನ ಹೆಂಡತಿ ಇದ್ದಾಳೆಂದು ಹೇಳುತ್ತಾರೆ. ಇವನು ಲಗ್ನವಾದವನೋ ಆಗದವನೋ, ಖರೇ ಎಲ್ಲಿರುತ್ತಾನೆ, ಪಗಾರ ಎಷ್ಟು, ದಯಮಾಡಿ ತಿಳಿಸಬೇಕು. ಕೆಳಗೆ ಸಹಿ, ಅಂಗಡಿಯ ಮೊಹರಿನ ಶಿಕ್ಕೆ. ರಜಿಸ್ಟರ್ ಮಾಡಿ ಪಾವತಿ ಚೀಟಿಯನ್ನು ಟೋಪಿಯೊಳಗಿಟ್ಟುಕೊಂಡ.

ಹನ್ನೊಂದು ದಿನ ಉತ್ತರ ಬರಲಿಲ್ಲ. ಹನ್ನೆರಡನೆಯ ದಿನ, ಭಾನುವಾರ ಬೆಳಿಗ್ಗೆ, ಉತ್ತರಕ್ಕೆ ಬದಲು ಒಬ್ಬ ಮನುಷ್ಯನೇ ಬಂದ. ಮನೆಯ ಮುಂಭಾಗದಲ್ಲೇ ಅಂಗಡಿ. ಐವತ್ತರ ಆಸುಪಾಸಿನ ಆ ಮನುಷ್ಯ ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಾದಿಯ ಅಂಚಿಗೆ ಕೂತ. ತನ್ನ ಹೆಸರು ಪೆಂಡ್ಸೆ, ವಿಮಾನ ಕಂಪನಿಯಲ್ಲಿ ಸಿಬ್ಬಂದಿಯ ವಿಚಾರಣೆ ಮಾಡುವವನು ಎಂದು ಮರಾಠಿಯಲ್ಲಿ ಹೇಳಿ ಗುರುತಿನ ಚೀಟಿ ತೋರಿಸಿದ. ಅಪ್ಪಾಸಾಹೇಬ ಅದನ್ನು ಬೆಳಕಿಗೆ ಹಿಡಿದ.

"ಫೋಟೋದಲ್ಲಿ ಮೀಸೆ ಇದೆ. ನಿಮಗಿಲ್ಲ."

"ಹೆಂಡತಿ ತೆಗೆಸಿದಳು."

ಇಬ್ಬರೂ ಮರಾಠಿಯಲ್ಲೇ ಮಾತಾಡುತ್ತಿದ್ದರು. ಲೀಲಾಕ್ಷಿ ಚಹಾ ತಂದಿಟ್ಟು, ಒಳಬಾಗಿಲ ಹತ್ತಿರವೇ ನಿಂತಳು. ಪೆಂಡ್ಸೆ ಚೀಲದಿಂದ ಟೈಪು ಮಾಡಿದ ಆ ಕಾಗದವನ್ನು ತೆಗೆದು ನಡುವೆ ಇಟ್ಟ. ಲೀಲಾಕ್ಷಿಯ ಕಣ್ಣು ಕೆಳಗಿನ ಶಿಕ್ಕೆಯ ಮೇಲೆ ಬಿತ್ತು. ಆಮೇಲೆ ಅಪ್ಪನ ಮೇಲೆ ಬಿತ್ತು. ಅಪ್ಪಾಸಾಹೇಬ ಬೇರೆ ಕಡೆ ನೋಡಿದ.

"ಮೊದಲು ನಿಮ್ಮ ಪ್ರಶ್ನೆಗೆ ಉತ್ತರ," ಎಂದ ಪೆಂಡ್ಸೆ. "ನಮ್ಮ ದಾಖಲೆಯಲ್ಲಿ ಈ ಹುಡುಗ ಅವಿವಾಹಿತ."

"ದಾಖಲೆ ಬೇರೆ. ಆ ಖೋಲಿಯ ಹೆಂಗಸು ನನಗೆ ಹೇಳಿದ್ದಾಳೆ, ಹೆಂಡತಿ ಬಜಾರಕ್ಕೆ ಹೋಗಿದ್ದಾಳೆ ಅಂತ."

"ನನಗೂ ಹೇಳಿದಳು," ಪೆಂಡ್ಸೆ ಬಸಿಗೆ ಚಹಾ ಸುರಿದುಕೊಂಡ. "ಮುರುಗೆಪ್ಪನ ಹೆಂಡತಿ ಎಲ್ಲಿ ಅಂದೆ, ಬಜಾರಕ್ಕೆ ಅಂದಳು. ಎರಡನೆಯ ಕಾಟಿನ ಡಿಸೋಜಾನ ಹೆಂಡತಿ ಎಲ್ಲಿ ಅಂದೆ, ಬಜಾರಕ್ಕೆ. ಮೂರನೆಯವನದು? ಬಜಾರಕ್ಕೆ. ಆರು ಕಾಟು, ಆರು ಹೆಂಡಂದಿರು, ಆರೂ ಮಂದಿ ಒಮ್ಮೆಗೇ ಬಜಾರದಲ್ಲಿ! ಕಂಪನಿಯವರು ಬಂದರೆ ಎಲ್ಲರೂ ಸಂಸಾರಸಮೇತ ಇಲ್ಲೇ ಇದ್ದಾರೆ ಅನ್ನಬೇಕೆಂದು ಯಾವನೋ ಕಲಿಸಿಟ್ಟಿದ್ದಾನೆ. ನಿಮ್ಮನ್ನೂ ಅವಳು ಕಂಪನಿಯವರೆಂದು ತಿಳಿದಳು. ನಿಮ್ಮ ಟೋಪಿ, ಕೋಟು ನೋಡಿದರೆ ನನಗಿಂತ ನೀವೇ ಸಾಹೇಬರಂತೆ ಕಾಣುತ್ತೀರಿ."

ಸುರಪುರದ ಮಾನಮ್ಮ! ಕನ್ನಡದಲ್ಲಿ! ಎದುರಿಗೆ ಕೂತವನು ನಿಜ ಹೇಳುತ್ತಿದ್ದಾನೋ ಅಥವಾ ಇವನೂ ಆ ಖೋಲಿಯವರ ಪೈಕಿಯೋ ಎಂದು ಅಪ್ಪಾಸಾಹೇಬನಿಗೆ ಒಂದು ಕ್ಷಣ ಅನ್ನಿಸಿತು.

"ಹಾಗಾದರೆ ಇವರೆಲ್ಲ ಮುಂಬೈಯಲ್ಲಿಲ್ಲ ಅಂತ ಕಂಪನಿಗೆ ಗೊತ್ತೇ ಇದೆ?"

"ಹತ್ತು ವರ್ಷದಿಂದ ಗೊತ್ತು. ಪಗಾರ ಎಲ್ಲ ಊರಿಗೂ ಒಂದೇ, ಸೇಠಜೀ. ಅದೇ ಪಗಾರದಲ್ಲಿ ಮದ್ರಾಸಿನವನು ಅಂಗಳ ಇರುವ ಮನೆ ಹಿಡಿಯುತ್ತಾನೆ. ಮುಂಬೈಯವನಿಗೆ ಒಂದು ಕಾಟು. ಮುಂಬೈಗೆ ಬದಲಿ ಅಂದರೆ ಮದ್ರಾಸಿನವನಿಗೂ ಕಲ್ಕತ್ತೆಯವನಿಗೂ ಅದೇ ದಿನ ಜ್ವರ ಬರುತ್ತದೆ. ಇರುವ ಹುಡುಗರೇ ನಾಲ್ಕು ಜನರ ಕೆಲಸ ಮೂರು ಜನ ಮಾಡುತ್ತಾರೆ. ಇವರನ್ನೂ ಓಡಿಸಿದರೆ ವಿಮಾನ ನಾನು ಹಾರಿಸಲೇ? ಕಣ್ಣು ಮುಚ್ಚಿಕೊಂಡಿದ್ದೆವು. ಆದರೆ ಕಾಗದ ಬಂದರೆ ಕಣ್ಣು ಮುಚ್ಚಲು ಬರುವುದಿಲ್ಲ. ಅದೂ ರಜಿಸ್ಟರ್!" ಪೆಂಡ್ಸೆ ಬೆರಳಿನಿಂದ ಶಿಕ್ಕೆಯನ್ನು ತಟ್ಟಿದ. "ವಾಸ ಮುಂಬೈಯಲ್ಲೇ ಇರಬೇಕು, ಊರು ಬಿಟ್ಟರೆ ಕಾರಣ ಬರೆದುಕೊಡಬೇಕು ಅಂತ ನಿಯಮ. ಇವತ್ತು ಅವನಿಗೆ ರಜೆ. ಹಡಪಸರದಲ್ಲಿ ಸುಮ್ಮನೆ ಮಲಗಿದ್ದು ಸಿಕ್ಕರೆ, ನೀವು ಬರೆದದ್ದು ಖರೇ ಅಂತ ನಾನು ಬರೆಯಬೇಕು. ಮುಂದಿನ ತಿಂಗಳ ಕ್ಯಾಪ್ಟನ್ ಪರೀಕ್ಷೆಯಿಂದ ಹೆಸರು ಹೋಗುತ್ತದೆ. ಕೆಲಸವೂ ಹೋಗಬಹುದು. ಊರಿಗೆ ಬಂದದ್ದಕ್ಕೆ ಕಾರಣ ಕಂಡರೆ ಅದನ್ನು ಬರೆಯುತ್ತೇನೆ. ನೀವೂ ಬರಬೇಕು, ನಿಮ್ಮ ಸಹಿ ಬೇಕು."

ಟ್ರೇ ಎತ್ತಿಕೊಳ್ಳಲು ಲೀಲಾಕ್ಷಿ ಬಾಗಿದಳು. ಕಪ್ಪು ಬಸಿಗಳನ್ನು ಒಂದರ ಮೇಲೊಂದು ಪೇರಿಸಿದಳು. ಟ್ರೇ ಹಿಡಿದು ಒಳಗೆ ಹೋದಳು. ಅವಳು ಬೈದಿದ್ದರೆ ಅಪ್ಪಾಸಾಹೇಬನಿಗೆ ಸುಲಭವಾಗುತ್ತಿತ್ತು.

ಅವಳು ಹೋದ ಬಾಗಿಲನ್ನು ಪೆಂಡ್ಸೆ ನೋಡಿದ. "ಈಗಲೇ ಹೊರಡೋಣ ಅಂದರೆ ನನ್ನಿಂದಾಗದು. ನಾಲ್ಕಕ್ಕೆ ಎದ್ದು ಬಂದಿದ್ದೇನೆ. ಪುಣೆಗೆ ಬಂದು ಮಿಸಳ್ ತಿನ್ನದೆ ನಾನು ಯಾರ ವಿಚಾರಣೆಯನ್ನೂ ಮಾಡುವವನಲ್ಲ."

ಮೂಲೆಯ ಹೋಟೆಲಿನಲ್ಲಿ ಅವನು ಎರಡು ಪ್ಲೇಟು ಮಿಸಳ್ ತಿಂದ. ಒಂದೊಂದು ಕಾಳನ್ನೂ ಎಣಿಸುವವನಂತೆ ತಿಂದ. ಮೇಲೆ ಮಜ್ಜಿಗೆ ಕುಡಿದ, ಆಮೇಲೆ ಪೇಪರು ಓದಿದ. ಅಪ್ಪಾಸಾಹೇಬ ಎದುರಿಗೆ ಕೂತು ಅವನ ಮೀಸೆಯಿಲ್ಲದ ತುಟಿಯನ್ನು ನೋಡುತ್ತಿದ್ದ. ಈ ಮನುಷ್ಯ ಯಾರ ಕಡೆಯವನೆಂದು ತಿಳಿಯುತ್ತಿರಲಿಲ್ಲ.

ಮುಕ್ಕಾಲು ತಾಸಿನ ಮೇಲೆ ರಿಕ್ಷಾ ಹತ್ತಿದರು. ಸೋಲಾಪುರ ರಸ್ತೆಯಲ್ಲಿ ಲಾರಿಗಳ ನಡುವೆ ಕುಲುಕುತ್ತ ಹೋಗುವಾಗ ಅಪ್ಪಾಸಾಹೇಬ ಕೇಳಿದ: "ಒಂದು ಮಾತು. ಕಂಪನಿಗೆ ಒಂದು ವಿಳಾಸ ಸುಳ್ಳು ಬರೆದವನು ಹೆಂಡತಿಗೆ ಸುಳ್ಳು ಹೇಳುವುದಿಲ್ಲ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ," ಎಂದ ಪೆಂಡ್ಸೆ. "ನಿಮಗೆ ಹೆಣ್ಣು ಕೊಡುವಾಗ ನಿಮ್ಮ ಮಾವನ ಹತ್ತಿರ ಇತ್ತೇ?"

ಶಿವಬಸವ್ವನ ಅಪ್ಪ ಏನು ನೋಡಿ ಕೊಟ್ಟನೋ ಅಪ್ಪಾಸಾಹೇಬನಿಗೆ ತಿಳಿಯದು. ಆಗ ಅವನಿಗೆ ಅಂಗಡಿಯಿರಲಿಲ್ಲ. ಬೇರೆಯವರ ಗೋದಾಮಿನಲ್ಲಿ ಮಲಗುತ್ತಿದ್ದ, ಹೆಣ್ಣು ಕೇಳಲು ಹೋದಾಗ ಸ್ವಂತ ಅಂಗಡಿ ಎಂದೇ ಹೇಳಿಸಿದ್ದರು. ಅವನು ಟೋಪಿ ಸರಿಪಡಿಸಿಕೊಂಡು ರಸ್ತೆಯ ಕಡೆ ತಿರುಗಿದ.

ಕಾಶವ್ವನ ಮನೆಯ ಮುಂದೆ ರಿಕ್ಷಾ ನಿಲ್ಲಿಸಿ, ಕಾಯಲು ಹೇಳಿ ಇಳಿದರು. ಹೊಸ್ತಿಲ ಮುಂದೆ ಹಾಕಿದ್ದ ರಂಗೋಲಿಯ ಕೆಳಗಿನ ನೀರು ಇನ್ನೂ ಆರಿರಲಿಲ್ಲ. ಅಪ್ಪಾಸಾಹೇಬ ಮೊದಲು ಕಂಡದ್ದು ಅದನ್ನು. ಒಳಗೆ ಕಾಲಿಟ್ಟಾಗ ಎರಡನೆಯದಾಗಿ ಕಂಡದ್ದು ತನ್ನ ಹೆಂಡತಿಯನ್ನು.

ಶಿವಬಸವ್ವ ಜಮಖಾನೆಯ ಮೇಲೆ ಕೂತು ತಾಟಿನಲ್ಲಿ ಎಲೆ ಅಡಿಕೆ ಜೋಡಿಸುತ್ತಿದ್ದಳು. ಪಕ್ಕದಲ್ಲಿ ತಾಯಿಯ ಹಸಿರು ಇಳಕಲ್ ಸೀರೆ ಉಟ್ಟು, ತಲೆ ತಗ್ಗಿಸಿ ಲೀಲಾಕ್ಷಿ. ಎದುರಿಗೆ ಮಣೆಯ ಮೇಲೆ ಮುರುಗೆಪ್ಪ, ನೀರು ಹಚ್ಚಿ ಬಾಚಿದ ಕೂದಲು, ಹಣೆಗೆ ವಿಭೂತಿ. ಕಾಶವ್ವ ಸಕ್ಕರೆಯ ಡಬ್ಬಿ ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. ಹಣಮಂತ್ರಾಯ ಮೂಲೆಯಲ್ಲಿ, ಎಂದಿನಿಂದಲೋ ಅಲ್ಲೇ ಕೂತವನಂತೆ, ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಇದೇನು ಸಮಾರಂಭ?" ಎಂದ ಪೆಂಡ್ಸೆ.

ಶಿವಬಸವ್ವನಿಗೆ ಮರಾಠಿ ಅಷ್ಟಕ್ಕಷ್ಟೇ. ಆದರೆ ನಿಶ್ಚಿತಾರ್ಥಕ್ಕೆ ಮರಾಠಿಯವರು ಹೇಳುವ ಈ ಒಂದು ಶಬ್ದ ಅವಳಿಗೆ ಚೆನ್ನಾಗಿ ಬರುತ್ತಿತ್ತು. "ಸಾಖರಪುಡಾ," ಎಂದಳು. ಗಂಡನ ಕಡೆ ತಿರುಗಿ, ಕನ್ನಡದಲ್ಲಿ, ಯಾವತ್ತಿನ ದನಿಯಲ್ಲೇ, "ಯಾಕ್ರಿ ಇಷ್ಟೊತ್ತು? ಸಕ್ಕರಿ ಹಂಚಾಕ ನಿಮ್ಮನ್ನ ಕಾಯಾಕ ಹತ್ತೇವಿ," ಎಂದಳು.

ಪೆಂಡ್ಸೆ ಚೀಲ ತೆರೆದು, ಕಾಗದ ಪೆನ್ನು ತೆಗೆದು, ಅಪ್ಪಾಸಾಹೇಬನನ್ನು ನೋಡಿದ. "ಸೇಠಜೀ, ಇವತ್ತು ನಿಮ್ಮ ಮಗಳ ಸಾಖರಪುಡಾ. ಅದಕ್ಕೇ ಹುಡುಗ ಊರಿಗೆ ಬಂದಿದ್ದಾನೆ. ಹೌದೋ ಅಲ್ಲವೋ?"

ಅಪ್ಪಾಸಾಹೇಬ ಖೋಲಿಯನ್ನೆಲ್ಲ ಒಂದು ಸಲ ನೋಡಿದ. ಪೆಂಟಿಗಳನ್ನು ನೋಡಿ ಪಳಗಿದ ಕಣ್ಣು ಅದು, ಏನನ್ನೂ ಬಿಡಲಿಲ್ಲ. ತೆಂಗಿನಕಾಯಿಗೆ ಅರಿಷಿಣ ಒಂದೇ ಮಗ್ಗುಲಿಗೆ ಬಿದ್ದಿತ್ತು. ಲೀಲಾಕ್ಷಿಯ ರವಿಕೆ ದಿನವೂ ಶಾಲೆಗೆ ಹಾಕುವ ರವಿಕೆ. ಮುರುಗೆಪ್ಪನ ಧೋತರದಲ್ಲಿ ಪೆಟ್ಟಿಗೆಯ ಮಡಿಕೆಗಳು ಹಾಗೇ ಎದ್ದು ನಿಂತಿದ್ದವು, ಧೋತರದ ಕೆಳಗೆ ಕಾಲಿನಲ್ಲಿ ಕಪ್ಪು ಕಾಲುಚೀಲ. ಟ್ಯಾಕ್ಸಿ ಇಳಿದವನು ತೆಗೆಯಲು ಮರೆತಿದ್ದ, ಅಥವಾ ಹೊತ್ತು ಸಿಕ್ಕಿರಲಿಲ್ಲ. ಎಲ್ಲ ತಾಸಿನೊಳಗೆ ಕಟ್ಟಿದ ಆಟ. ಬೇರೆಯವರ ಮನೆಯಲ್ಲಾಗಿದ್ದರೆ ಅವನೇ ಬೆರಳು ಮಾಡಿ ತೋರಿಸುತ್ತಿದ್ದ. ಮತ್ತು ಈ ಆಟದ ಹಿಂದೆ ಈ ಹುಡುಗ ಎಂಥವನು, ಒಳಗೆ ಕಲ್ಲಿದೆಯೋ ಇಲ್ಲವೋ, ಅದು ಇನ್ನೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಈಗ 'ಅಲ್ಲ' ಅಂದರೆ ಮಗಳು ಹಸಿರು ಸೀರೆ ಬಿಚ್ಚಿಟ್ಟು ನಾಳೆ ಸಾಲಿಗೆ ಹೋಗುತ್ತಾಳೆ. ನಾಡಿದ್ದೂ ಹೋಗುತ್ತಾಳೆ. ಆಮೇಲೆ ಹೋಗುತ್ತಲೇ ಇರುತ್ತಾಳೆ.

ಲೀಲಾಕ್ಷಿ ತಲೆಯೆತ್ತಲಿಲ್ಲ. ಅವಳ ಕಾಲಿನ ಹೆಬ್ಬೆರಳು ಮಾತ್ರ ಜಮಖಾನೆಯನ್ನು ಒತ್ತಿ ಹಿಡಿದಿತ್ತು.

"ಹೌದು," ಎಂದ ಅಪ್ಪಾಸಾಹೇಬ.

"ಹಾಗಾದರೆ ಈ ಕಾಗದ?"

"ಹೆಣ್ಣು ಕೊಡುವವರು ವಿಚಾರ ಮಾಡುವುದು ನಮ್ಮಲ್ಲಿ ರೂಢಿ. ನಾನು ಸ್ವಲ್ಪ ಹೆಚ್ಚಿಗೆ ಮಾಡಿದೆ."

"ಅಷ್ಟು ಸಾಲದು. ಹುಡುಗ ಇಲ್ಲಿ ವಾಸವಾಗಿದ್ದಾನೆ ಅಂತ ಬರೆದಿದ್ದೀರಿ."

"ತಪ್ಪು ತಿಳಿದು ಬರೆದೆ ಅಂತ ಬರೆದುಕೊಳ್ಳಿ."

ಪೆಂಡ್ಸೆ ಬರೆದ. ಅಪ್ಪಾಸಾಹೇಬ ಅದನ್ನು ಕೈಗೆ ತೆಗೆದುಕೊಂಡ. ಇಪ್ಪತ್ತೆಂಟು ವರ್ಷದಲ್ಲಿ ಪೇಟೆಯಲ್ಲಿ ಯಾರೂ ಅವನ ಕಡೆಯಿಂದ ಇಂಥದ್ದೊಂದು ಸಾಲು ಬರೆಸಿಕೊಂಡಿರಲಿಲ್ಲ. ರೂಢಿಯಂತೆ ಕಾಗದವನ್ನು ತಿರುವಿ ಹಿಂಬದಿಯನ್ನೂ ನೋಡಿದ. ಖಾಲಿ ಇತ್ತು. ಸಹಿ ಮಾಡಿದ.

"ಅಭಿನಂದನ," ಎಂದ ಪೆಂಡ್ಸೆ ಮುರುಗೆಪ್ಪನಿಗೆ. "ಊರು ಬಿಟ್ಟ ಚೀಟಿಯನ್ನು ನಾಳೆ ಬಂದು ಕೊಡು. ಹಿಂದಿನ ತಾರೀಖು ಹಾಕಬೇಡ, ನನಗೆ ತಿಳಿಯುತ್ತದೆ." ಶಿವಬಸವ್ವ ಕೊಟ್ಟ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, ಹಡಪಸರದಿಂದ ಸ್ಟೇಶನ್ನಿಗೆ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹಣಮಂತ್ರಾಯನನ್ನು ಕೇಳಿ, ಅವನ ಜೊತೆಗೇ ಹೊರಟ.

ಅವರ ಬೆನ್ನು ಮರೆಯಾಯಿತು. ಅಪ್ಪಾಸಾಹೇಬ ಮಣೆಯ ಹತ್ತಿರ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಮುರುಗೆಪ್ಪನ ಮುಖವನ್ನು ಹತ್ತಿರದಿಂದ ನೋಡಿದ. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಆ ಆರು ಕಾಟಿನಾಗ ನಿಂದು ಯಾವುದು?"

"ಕಿಟಕಿ ಕಡೇದ್ರಿ, ಮಾಮಾ."

ಅಪ್ಪಾಸಾಹೇಬ ನೆನಪು ಮಾಡಿಕೊಂಡ. ಕಾಟುಗಳು ಕಂಡವು, ಬಿಳಿ ಅಂಗಿಗಳು ಕಂಡವು, ಕಸಬರಿಗೆ ಹಿಡಿದ ಮಾನಮ್ಮ ಕಂಡಳು. ಆ ಖೋಲಿಗೆ ಕಿಟಕಿ ಇತ್ತೋ ಇಲ್ಲವೋ, ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಹೊರಗೆ ರಿಕ್ಷಾದವನು ಹಾರ್ನ್ ಬಾರಿಸತೊಡಗಿದ. ಮೀಟರು ಓಡುತ್ತಲೇ ಇತ್ತು. ಅಪ್ಪಾಸಾಹೇಬ ಎದ್ದು, ಕಾಶವ್ವನ ಡಬ್ಬಿಗೆ ಕೈಹಾಕಿ ಮುಷ್ಟಿ ತುಂಬ ಸಕ್ಕರೆ ತೆಗೆದುಕೊಂಡು, ಬೆರಳ ಸಂದಿಯಿಂದ ಹೊಸ್ತಿಲ ರಂಗೋಲಿಯ ಮೇಲೆ ನಾಲ್ಕು ಕಾಳು ಉದುರಿಸುತ್ತ ಹೊರಗೆ ಬಂದ. ರಿಕ್ಷಾದವನು ಹಾರ್ನಿನಿಂದ ಕೈ ತೆಗೆದು, ಖಾಕಿ ಅಂಗಿಗೆ ಅಂಗೈ ಒರೆಸಿಕೊಂಡು, ಮುಂದೆ ಚಾಚಿದ.